ಹಣಮಪ್ಪನಿಗೆ ಗಾಲಿಯ ಪ್ರಶ್ನೆ

ನಮ್ಮ ಮನೆಯ ಗಂಡಸರು ಯಾವುದಕ್ಕೂ ಅವಸರ ಮಾಡುವವರಲ್ಲ. ಬಚ್ಚಲಿನ ನಲ್ಲಿ ಯುಗಾದಿಗೆ ಸೋರಲು ಶುರುವಾದರೆ ದೀಪಾವಳಿಗೆ 'ನೋಡೋಣಂತ' ಎನ್ನುವ ಜನ. ಅಂಥವರು ತಾವು ಕೊಳ್ಳದ, ತಾವು ಓಡಿಸದ, ಕಣ್ಣಿಂದ ಕೂಡ ನೋಡದ ಒಂದು ಕಾರಿನ ಗಾಲಿಗಳ ಬಗ್ಗೆ ಬೇಸಿಗೆಯಿಡೀ ನಿದ್ದೆಗೆಟ್ಟರು ಎಂದರೆ ಯಾರೂ ನಂಬುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಚಹಾ ಮಾಡಿ ಮಾಡಿ ಕೊಟ್ಟವಳೇ ನಾನು.

ಕಾರು ನನ್ನ ಅಣ್ಣ ಗೋಪಾಲನ ಮಗಳು ಪ್ರಮಿತಾಳದು. ಅಂದರೆ, ಅವಳದಾಗಬೇಕಿತ್ತು. ಅವಳು ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯ ಕಲ್ಲುಗಣಿಯಲ್ಲಿ ಇಂಜಿನಿಯರ್. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಜೀಪಿನಲ್ಲಿ ಗಣಿಗೆ ಇಳಿಯುತ್ತಾಳೆ, ಸಂಜೆ ಹುಬ್ಬೆಲ್ಲ ಬೂದಿ ಬಣ್ಣ ಮಾಡಿಕೊಂಡು ಸೇಡಂನ ಮನೆಗೆ ಬರುತ್ತಾಳೆ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗಿ. ಮನೆಯಲ್ಲಿ ಅಪ್ಪ ಮತ್ತು ಅಜ್ಜಿ. ಅಜ್ಜಿ ಎಂದರೆ ನಮ್ಮವ್ವ ಅನಸೂಯಾಬಾಯಿ. ಮಿಕ್ಕ ಹುಡುಗಿಯರು ಸೀರೆಯ ಅಂಗಡಿಯ ಮುಂದೆ ನಿಲ್ಲುವ ವಯಸ್ಸಿನಿಂದ ಇವಳಿಗೆ ಒಂದೇ ಹುಚ್ಚು. ಎರಡೇ ಬಾಗಿಲಿನ, ನೆಲ ಹಿಡಿದುಕೊಂಡು ಓಡುವ ಸ್ಪೋರ್ಟ್ಸ್ ಕೂಪೆ. ಹೊಸದು ಕೊಳ್ಳುವ ಮಾತಲ್ಲ ಅದು. ಹೈದರಾಬಾದಿನಲ್ಲಿ ಹಳೆಯ ಕಾರು ಮಾರುವವನೊಬ್ಬನ ಹತ್ತಿರ ಎರಡು ಸಿಕ್ಕವು. ನೋಡಲು ಅವಳಿ ಜವಳಿ. ಒಂದರಲ್ಲಿ ಇಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗೆ ಹೋಗುತ್ತದೆ, ಅದು ಆಲ್ ವೀಲ್. ಇನ್ನೊಂದರಲ್ಲಿ ಹಿಂದಿನ ಎರಡಕ್ಕೆ ಮಾತ್ರ, ಅದು ರಿಯರ್ ವೀಲ್. ಶ್ರಾವಣದ ತನಕ ಎರಡನ್ನೂ ಯಾರಿಗೂ ಕೊಡುವುದಿಲ್ಲ ಎಂದು ಅವನು ಮಾತು ಕೊಟ್ಟಿದ್ದ.

ಎರಡನ್ನೂ ಓಡಿಸಿ ನೋಡಲು ಅವಳು ಹೋದಾಗ ಜೊತೆಗೆ ಹೋದವಳು ನಾನು. ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳಿಗೆ ಗಾಲಿ ದುಂಡಗಿರುತ್ತದೆ ಎನ್ನುವುದರ ಆಚೆ ಏನೂ ಗೊತ್ತಿಲ್ಲ. ಆದರೆ ಆ ದಿನ ಹುಡುಗಿಯ ಮುಖ ನೋಡುತ್ತಿದ್ದೆ. ಮೊದಲನೆಯದರಲ್ಲಿ ಪರೀಕ್ಷೆ ಬರೆಯುವವಳ ಹಾಗೆ ಕೂತಿದ್ದಳು. ಎರಡನೆಯದರಲ್ಲಿ, ಊರ ಹೊರಗಿನ ಒಂದು ತಿರುವಿನಲ್ಲಿ, ಕಾರಿನ ಹಿಂಭಾಗ ಒಂಚೂರು ಜರುಗಿದಂತಾಗಿ ನಾನು ರಾಯರನ್ನು ನೆನೆದೆ. ಅವಳು ನಕ್ಕಳು. ಇಳಿದ ಮೇಲೆ ಹೇಳಿದಳು:

"ಇದ ಬೇಕು ಅತ್ಯಾ. ಆ ಆಲ್ ವೀಲಿನ್ಯಾಗ ಗಾಡೀನ ಎಲ್ಲಾ ಸಂಭಾಳಿಸ್ತದ, ನಾ ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಇದರಾಗ ತಪ್ಪಿದ್ರ ನಂದ ತಪ್ಪು."

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ದುಡಿಯುವವಳು ಅವಳು, ಕೊಳ್ಳುವವಳು ಅವಳು, ಓಡಿಸುವವಳು ಅವಳು. ಆದರೆ ಮರುದಿನ ಪವಮಾನ ಅವಳನ್ನು ನೋಡಲು ಬಂದ.

ಪವಮಾನ ಶಹಾಬಾದಿನಲ್ಲಿ ಹಲ್ಲಿನ ಡಾಕ್ಟರ್. ಒಳ್ಳೆಯ ಮನೆತನ, ಚಟವಿಲ್ಲ, ಸಂಧ್ಯಾವಂದನೆ ಬಿಟ್ಟವನಲ್ಲ. ಕೆಟ್ಟವನು ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಒಂದೇ ಕೊರತೆ. ವರ್ಷಾನುಗಟ್ಟಲೆ ಬಾಯಿ ತೆರೆದು ಕೂತವರ ಮುಂದೆ ಮಾತಾಡಿ ಮಾತಾಡಿ, ಎದುರಿಗಿದ್ದವರು ಉತ್ತರ ಕೊಡಬಹುದು ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಅವಲಕ್ಕಿ ತಟ್ಟೆ ಇಡಲು ಬಂದ ಪ್ರಮಿತಾಳನ್ನು ನಿಮಗೆ ಏನು ಇಷ್ಟ ಎಂದು ಕೇಳಿದ. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಕಾರು ತಗೊಳ್ಳುತ್ತಿದ್ದೇನೆ ಎಂದು. ಯಾವುದು ಎಂದು ಅವನೇ ಕೇಳಿ, ಅವಳು ಬಾಯಿ ತೆರೆಯುವಷ್ಟರಲ್ಲಿ ಆಲ್ ವೀಲೇ ಸರಿ ಎಂದು ಅವನೇ ಹೇಳಿದ. ತೆರೆದ ಬಾಯಿ ಕಂಡರೆ ಅವನು ಸುಮ್ಮನಿರಲಾರ, ಪಾಪ.

ಅಲ್ಲಿಂದ ಪ್ರತಿ ಭಾನುವಾರ ಅವನು ಶಹಾಬಾದಿನಿಂದ ಬರುವುದು, ನನ್ನ ಯಜಮಾನರು ವಿಠ್ಠಲ್ ಚಿತ್ತಾಪುರದಿಂದ ನನ್ನನ್ನು ಕಟ್ಟಿಕೊಂಡು ಬರುವುದು, ನಮ್ಮಣ್ಣ ಪಡಸಾಲೆಯಲ್ಲಿ ಜಮಖಾನ ಹಾಸುವುದು. ನಮ್ಮವರು ವಕೀಲರು. ಎದುರು ಪಕ್ಷ ಇಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಪವಮಾನ ಆಲ್ ವೀಲ್ ಎಂದದ್ದರಿಂದ ಅವರು ರಿಯರ್ ವೀಲಿನ ವಕಾಲತ್ತು ಹಿಡಿದರು. ಅಂಬಾಸಿಡರ್, ಜೀಪು, ಲಾರಿ, ಟ್ರ್ಯಾಕ್ಟರ್, ನಮ್ಮ ದೇಶ ಕಟ್ಟಿದ ಗಾಡಿಗಳೆಲ್ಲ ಹಿಂದಿನ ಗಾಲಿಯವೇ ಎಂದು ಅವರು ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿದರು. ಮಳೆಗಾಲದಲ್ಲಿ ಚಂದ್ರಂಪಳ್ಳಿ ಡ್ಯಾಮಿನ ಇಳಿಜಾರಿನಲ್ಲಿ ಎರಿ ಮಣ್ಣಿನ ರಾಡಿಗೆ ಹಿಂದಿನ ಗಾಲಿ ಏನು ಮಾಡುತ್ತದೆ ಎಂದು ಪವಮಾನ ಪಾಟೀಸವಾಲು ಹಾಕಿದ. ಸ್ಪೋರ್ಟ್ಸ್ ಕಾರು ತಗೊಂಡು ರಾಡಿಯಲ್ಲಿ ಎಮ್ಮೆ ಮೇಯಿಸಲು ಹೋಗುತ್ತಾರೇನು ಎಂದು ಇವರು ಕೇಳಿದರು. ಕಾಳಗಿ ರಸ್ತೆಯ ಮೇಲೆ ರೈತರು ತೊಗರಿ ಹಾಸಿರುತ್ತಾರೆ, ಆ ಕಾಳಿನ ಮೇಲೆ ಯಾವ ಗಾಲಿ ಜಾರುತ್ತದೆ ಎನ್ನುವುದರ ಮೇಲೆ ಒಂದು ಭಾನುವಾರ ಪೂರ್ತಿ ಹೋಯಿತು. ಸೇಡಂ ಪೇಟೆಯಲ್ಲಿ ಸಿಮೆಂಟಿನ ಟ್ಯಾಂಕರ್ ಹಿಂದೆ ನಿಂತರೆ ನಾಲ್ಕು ಗಾಲಿಯೂ ಅಷ್ಟೇ, ನಲವತ್ತು ಗಾಲಿಯೂ ಅಷ್ಟೇ ಎಂದು ನಾನು ಹೇಳಿದೆ. ಚಹಾ ಆಯಿತೇನು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಅದೊಂದೇ ವಿಷಯದಲ್ಲಿ ಅವರಿಗೆ ಒಮ್ಮತವಿತ್ತು.

ವಾಡಿಯ ಗ್ಯಾರೇಜಿನ ಫಿರ್ದೋಸನನ್ನೂ ಕೇಳಿ ಬಂದರು. ಯಾವುದಾದರೂ ತಗೊಳ್ಳಿರಿ ಸಾಹೇಬ, ಎರಡರಿಂದಲೂ ನನ್ನ ಮಕ್ಕಳ ಶಾಲೆ ನಡೆಯುತ್ತದೆ ಎಂದನಂತೆ. ಅದನ್ನು ಇಬ್ಬರೂ ತಮ್ಮ ಪರವಾದ ಹೇಳಿಕೆ ಎಂದು ದಾಖಲಿಸಿಕೊಂಡರು.

ಈ ಗದ್ದಲದಲ್ಲಿ ಪ್ರಮಿತಾಳನ್ನು ಯಾರೂ ಕೇಳಲಿಲ್ಲ. ಅವಳು ಹೇಳಲಿಲ್ಲ ಎಂದಲ್ಲ. ಮೂರು ಸಲ ಬಾಗಿಲಲ್ಲಿ ನಿಂತು ನನಗೆ ರಿಯರ್ ವೀಲ್ ಬೇಕು ಎಂದಳು. ಮಾವನ ಪಕ್ಷ ವಹಿಸುತ್ತಾಳೆ ಎಂದು ಪವಮಾನ ನಕ್ಕ. ಹುಡುಗಿ ನನ್ನ ಸಾಕ್ಷಿ ಎಂದು ನಮ್ಮವರು ಮೀಸೆ ತಿರುವಿದರು. ಆಮೇಲೆ ಒಂದು ಭಾನುವಾರ ಪವಮಾನ ಚಹಾ ಹೀರುತ್ತ, ಇಷ್ಟೆಲ್ಲ ಯಾಕೆ, ಲಗ್ನ ಆದ ಮೇಲೆ ಗಾಡಿ ಇರುವುದು ಶಹಾಬಾದಿನಲ್ಲಿ, ಓಡಿಸುವವನು ನಾನು, ಹಾಗಾಗಿ ನನಗೆ ಒಗ್ಗುವುದನ್ನೇ ತಗೊಂಡರೆ ಆಯಿತಲ್ಲ ಎಂದ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಎಂದ. ಗಣಿಗೆ ದಿನಾ ಹೋಗಿ ಬರುವುದು ಇವಳಿಗೂ ದಣಿವು, ಹೌದಲ್ಲೇನ್ರಿ ಎಂದೂ ಸೇರಿಸಿದ. ನಮ್ಮಣ್ಣ ತಲೆಯಾಡಿಸಿದ. ಶ್ರಾವಣದಲ್ಲಿ ಕಾರು, ಶ್ರಾವಣದಲ್ಲೇ ನಿಶ್ಚಯ ಎಂದು ಮಾತಾಯಿತು.

ಆ ಸಂಜೆ ಹಿತ್ತಲಲ್ಲಿ ಪ್ರಮಿತಾ ಬಟ್ಟೆ ತೆಗೆಯುತ್ತಿದ್ದಳು. ಒಲ್ಲೆನೆಂದು ಅಪ್ಪನಿಗೆ ಹೇಳು ಎಂದೆ. "ಹ್ಯಾಂಗ ಹೇಳ್ಲಿ ಅತ್ಯಾ? ಅಪ್ಪ ಎಷ್ಟು ಖುಷಿಲೆ ಇದ್ದಾನ. ಅವನ ಮುಖಾ ನೋಡಿದ್ರ ಬಾಯಿಗೆ ಮಾತ ಬರಂಗಿಲ್ಲ," ಎಂದಳು. ಡೈನಮೈಟ್ ಸಿಡಿಯುವಾಗ ಪಕ್ಕದಲ್ಲಿ ನಿಲ್ಲುವ ಹುಡುಗಿ. ಅಪ್ಪನ ಮುಖಕ್ಕೆ ಹೆದರುತ್ತಾಳೆ. ನನಗೆ ಅಳು ಬಂತು, ಸಿಟ್ಟೂ ಬಂತು. ತುಳಸಿಕಟ್ಟೆಯ ಹತ್ತಿರ ಅವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. ಅವಳಿಗೆ ಕಿವಿ ಮಂದ ಎಂದು ನಾವೆಲ್ಲ ನಂಬಿದ್ದೆವು.

ಆಷಾಢ ಮುಗಿಯುತ್ತ ಬಂತು. ಮಾರುವವನು ಫೋನಿನ ಮೇಲೆ ಫೋನು ಮಾಡಿದ. ವಾದ ಮುಗಿಯಲಿಲ್ಲ. ಕೊನೆಗೆ ನಮ್ಮಣ್ಣ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಹಣಮಪ್ಪನಿಗೆ ಹೂ ಹಚ್ಚಿಬಿಡೋಣ ಎಂದ.

ಅಣ್ಣ ಪೋಸ್ಟ್ ಆಫೀಸಿನಿಂದ ನಿವೃತ್ತನಾದವನು. ಓಣಿಯ ಹಣಮಪ್ಪನ ಗುಡಿಯ ಪೂಜೆ ನಮ್ಮ ಮನೆತನಕ್ಕೆ ಬಂದದ್ದು, ಈಗ ಅವನ ಪಾಳಿ. ಏನೇ ಗೊಂದಲವಿದ್ದರೂ ನಮ್ಮಲ್ಲಿ ದೇವರ ಎರಡೂ ಭುಜಕ್ಕೆ ಹೂ ಒದ್ದೆ ಮಾಡಿ ಅಂಟಿಸುತ್ತಾರೆ. ಮನೆಯ ಎಲ್ಲರಿಗಿಂತ ಹಿರಿಯರು ಎದುರಿಗೆ ಕೂತು, ಪ್ರಶ್ನೆಯನ್ನು ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಬೋರ್‌ವೆಲ್ ಎಲ್ಲಿ ಹಾಕಿಸಬೇಕು ಎನ್ನುವುದನ್ನೂ ಹೀಗೇ ಕೇಳಿದ್ದರು. ಹಣಮಪ್ಪ ತೋರಿಸಿದ ಕಡೆ ನೀರು ಬಂದಿರಲಿಲ್ಲ, ಆ ಮಾತು ಬೇರೆ.

ಈಗ ಬಲಕ್ಕೆ ಬಿದ್ದರೆ ಆಲ್ ವೀಲ್, ಎಡಕ್ಕೆ ಬಿದ್ದರೆ ರಿಯರ್ ವೀಲ್ ಎಂದು ತೀರ್ಮಾನವಾಯಿತು. ತಮ್ಮ ಕಕ್ಷಿದಾರನಿಗೆ ಎಡ ಯಾಕೆ ಎಂದು ನಮ್ಮವರು ಆಕ್ಷೇಪಣೆ ಹಾಕಿ, ಅದು ತಳ್ಳಿಹೋಯಿತು. ಕೇಳಬೇಕಾದವಳು ಅವ್ವ. ವಿಷ್ಣು ಸಹಸ್ರನಾಮ ಉಸಿರು ಬಿಡದೆ ಹೇಳುವ ಹೆಂಗಸಿಗೆ ನಮ್ಮಣ್ಣ ಎರಡು ಶಬ್ದ ಬಾಯಿಪಾಠ ಮಾಡಿಸಲು ಕೂತ. ಆಲ್ ವೀಲ್ ತಗೋಬೇಕೇನು ತಂದೆ, ಅಷ್ಟೇ ಕೇಳು ಎಂದ. ಅವ್ವ ಎಲ್ಲ ಕೇಳಿಸಿಕೊಂಡು, ಮುಂದೆ ಎಷ್ಟು ಜನ ಕೂಡುತ್ತಾರೆ ಎಂದು ವಿಚಾರಿಸಿದಳು. ಇಬ್ಬರೇ, ಹಿಂದೆ ಕೂಡುವವರು ಮಡಚಿಕೊಂಡು ಕೂಡಬೇಕು ಎಂದ. ಹಾಗಾದರೆ ಮುಂದೆ ಕೂತವರ ಮಡಿಗೆ ಏನೂ ಭಂಗವಿಲ್ಲ ಎಂದಳು. ಮುದುಕಿಗೆ ಏನೂ ತಿಳಿಯಲಿಲ್ಲ ಎಂದು ಅಣ್ಣ ನಿಟ್ಟುಸಿರು ಬಿಟ್ಟ.

ಶನಿವಾರ ಬೆಳಿಗ್ಗೆ ಗುಡಿಯಲ್ಲಿ ಸೇರಿದೆವು. ಪವಮಾನ ರೇಷ್ಮೆ ಮಡಿ ಉಟ್ಟು ಬಂದಿದ್ದ. ಮಾರುವವನ ನಂಬರು ತೆಗೆದು ಇಟ್ಟುಕೊಂಡಿದ್ದ ಫೋನು ನಮ್ಮವರ ಕೈಯಲ್ಲಿತ್ತು. ಪ್ರಮಿತಾ ಗಣಿಗೆ ಹೋಗುವ ಬಟ್ಟೆಯಲ್ಲೇ ಕಂಬಕ್ಕೆ ಒರಗಿದ್ದಳು. ಅವಳ ಬಾಳು ಆ ಎರಡು ಕಣಗಲ ಹೂಗಳಿಗೆ ನೇತುಬಿದ್ದಿತ್ತು. ಬಲಕ್ಕೆ ಬಿದ್ದರೆ ಅವನಿಗೆ ಒಗ್ಗುವ ಕಾರು, ಅದರ ಹಿಂದೆ ನಿಶ್ಚಯ, ಅದರ ಹಿಂದೆ ಶಹಾಬಾದು. ಎಡಕ್ಕೆ ಬಿದ್ದರೂ ನಿಶ್ಚಯ ಏನೂ ತಪ್ಪುತ್ತಿರಲಿಲ್ಲ, ಕಾರು ಮಾತ್ರ ಅವಳಿಗೆ ಬೇಕಾದದ್ದಾಗುತ್ತಿತ್ತು, ಓಡಿಸುವವನು ಗಂಡನೇ.

ಅವ್ವ ಕಣ್ಣು ಮುಚ್ಚಿ ಕೈಮುಗಿದಳು. ಎಣ್ಣೆ ದೀಪ ಚಟಗುಟ್ಟಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹಣಮಪ್ಪನ ಬಲಭುಜದ ಹೂ ಮೆಲ್ಲಗೆ ಜಾರಿ ಪಾದದ ಹತ್ತಿರ ಬಿತ್ತು.

ಪವಮಾನ ಆಲ್ ವೀಲ್ ಎಂದು ಗಲ್ಲ ಬಡಿದುಕೊಂಡ. ನಮ್ಮವರು ಸುಮ್ಮನಾಗುವ ಜಾತಿಯವರಲ್ಲ. ಬಲ ಎಂದರೆ ಯಾರ ಬಲ, ದೇವರದೋ ಕೇಳುವವರದೋ ಎಂದರು. ನಾವು ನಿಂತ ಕಡೆಯಿಂದ ನೋಡಿದರೆ ಹೂ ಬಿದ್ದದ್ದು ಎಡಕ್ಕೆ, ಪ್ರಶ್ನೆ ಕೇಳಿದವರು ನಾವು, ಹಾಗಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ನಮ್ಮ ಎಡ ಎಂದರು. ಇಷ್ಟು ವರ್ಷ ಇಲ್ಲದ ನಿಯಮ ಈಗ ಎಲ್ಲಿಂದ ಬಂತು ಎಂದು ಅಣ್ಣ ತಡವರಿಸಿದ. ಗರ್ಭಗುಡಿಯ ಹೊಸ್ತಿಲಲ್ಲಿ ಮೂವರು ಗಂಡಸರು ಒಬ್ಬರಿಗೊಬ್ಬರು ಬಲಗೈ ಎಡಗೈ ಎತ್ತಿ ತೋರಿಸುತ್ತಿದ್ದರು. ನನ್ನ ಎಂಟನೆಯ ತರಗತಿಯ ಮಕ್ಕಳು ಇದಕ್ಕಿಂತ ಬೇಗ ಒಪ್ಪಂದಕ್ಕೆ ಬರುತ್ತಾರೆ.

ಅವ್ವ ಎದ್ದು ಬಿದ್ದ ಹೂವನ್ನು ಆರಿಸಿಕೊಂಡು ಕಣ್ಣಿಗೊತ್ತಿಕೊಂಡಳು.

"ಗಾಲೀದು ನಾ ಕೇಳೇ ಇಲ್ಲ," ಎಂದಳು.

ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಮತ್ತೇನು ಕೇಳಿದೆ ಎಂದ.

"ಈ ಕೂಸು ತನ್ನದು ತಾನ ಆರಿಸ್ಲೇನಪ್ಪಾ ಅಂತ ಕೇಳ್ದೆ. ಹೌದಂದ."

ಆರಿಸುವುದು ಏನನ್ನು, ಕಾರನ್ನೋ ಇನ್ನೇನನ್ನೋ ಎಂದು ಅಣ್ಣ ಸಣ್ಣ ದನಿಯಲ್ಲಿ ಕೇಳಿದ. ಅಷ್ಟು ಬಿಡಿಸಿ ಕೇಳಲಿಲ್ಲ, ಬೀಳುವುದು ಒಂದೇ ಹೂ ಅಲ್ಲವೇನು, ಎಲ್ಲಾ ಸೇರಿಸಿ ಕೇಳಿದೆ ಎಂದಳು ಅವ್ವ. ನಮ್ಮವರು ಚೇತರಿಸಿಕೊಂಡರು. ಚೇತರಿಸಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಹಾಗೆ ನೋಡಿದರೂ ಅತ್ತಿಯವರೇ, ನಮ್ಮ ಕಡೆಯಿಂದ ಹೂ ಎಡಕ್ಕೆ ಬಿದ್ದಿದೆ, ಹಣಮಪ್ಪ ಬೇಡ ಅಂದಂಗಾಯಿತಲ್ಲ ಎಂದರು.

ಅವ್ವ ಅವರ ಕಡೆ ತಿರುಗಿದಳು. ಅಳಿಯನ ಮುಖವನ್ನು ಅವಳು ನೇರ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಈ ಮಾತು ನಾ ಒಮ್ಮೆ ಕೇಳೀನಿ ವಿಠ್ಠಲರಾಯರ. ಕಾಳಗಿಯೊಳಗ ನನ್ನ ಲಗ್ನಕ್ಕ ನಮ್ಮಪ್ಪ ಹೂ ಹಚ್ಚಿಸಿದ್ದ. ಎಡಕ್ಕ ಬಿತ್ತು. ಎಲ್ಲಾರೂ ನೋಡಿದ್ರು, ನಾನೂ ನೋಡ್ದೆ. ದೇವರ ಎಡ ಅಂದ್ರ ಎದುರಿಗೆ ನಿಂತ ನಮಗ ಬಲ ಅಂದ ನಮ್ಮಪ್ಪ. ಅಂದು, ಕೊಟ್ಟುಬಿಟ್ಟ."

ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು ನೋಡಿದೆ. ದೇವರು ಬೇಡ ಅಂದಿದ್ದದ್ದು ನಮ್ಮಪ್ಪನನ್ನು. ಎಡಕ್ಕೆ ಬಿದ್ದ ಆ ಹೂವಿನ ಮಕ್ಕಳು ನಾವಿಬ್ಬರೂ. ನಮ್ಮಪ್ಪ ಹೊಡೆದವನಲ್ಲ, ಬೈದವನಲ್ಲ. ಅವ್ವನ ಸೀರೆಯ ಅಂಚಿನಿಂದ ಹಿಡಿದು ಅವಳು ತೌರಿಗೆ ಹೋಗುವ ದಿನದ ತನಕ ಎಲ್ಲವನ್ನೂ ತಾನೇ ಆರಿಸಿಕೊಟ್ಟ, ಪ್ರೀತಿಯಿಂದಲೇ. ಇಷ್ಟು ವರ್ಷ ಅವ್ವ ಪ್ರತಿ ಶನಿವಾರ ಹಣಮಪ್ಪನಿಗೆ ಹೂ ಕಟ್ಟುವುದನ್ನು ನೋಡಿದ್ದೇನೆ. ಅವಳು ಒಂದು ಉತ್ತರವನ್ನು ಒಳಗಿಟ್ಟುಕೊಂಡು ಕಟ್ಟುತ್ತಿದ್ದಾಳೆ ಎಂದು ನನಗೆ ಹೊಳೆದಿರಲಿಲ್ಲ. ನನಗೆ ಬಹಳ ನೋವಾಯಿತು. ಅಪ್ಪನಿಗಾಗಿಯೋ ಅವ್ವನಿಗಾಗಿಯೋ ಈಗಲೂ ಹೇಳಲಾರೆ.

ಅಣ್ಣ ನಿಧಾನವಾಗಿ ಹೊಸ್ತಿಲ ಮೇಲೆ ಕೂತ. "ನಿನಗ ಏನು ಬೇಕವಾ ಪ್ರಮೀ?" ಎಂದ.

ಇಷ್ಟೂ ದಿನ ಬಾಯಿಗೆ ಬಾರದ ಮಾತು ಆಗ ಬಂತು. ಪ್ರಮಿತಾ ಕಂಬ ಬಿಟ್ಟು ಮುಂದೆ ಬಂದು, ಪವಮಾನನಿಗೆ ಕೈಮುಗಿದು, ನೀವು ಒಳ್ಳೆಯವರು, ಆದರೆ ಈ ಸಂಬಂಧ ನಾನು ಒಲ್ಲೆ, ಮೊದಲೇ ಹೇಳಬೇಕಿತ್ತು, ಧೈರ್ಯ ಸಾಲಲಿಲ್ಲ ಎಂದಳು. ಅವನ ಬಾಯಿ ತೆರೆದೇ ಇತ್ತು. ಒಮ್ಮೆಯಾದರೂ ಅವನ ಸರದಿ ಬಂತು ಎಂದುಕೊಂಡೆ. ಮಡಿಯ ಉತ್ತರೀಯ ಹೆಗಲಿಗೆ ಏರಿಸಿಕೊಂಡು ಅವನು ಕೇಳಿದ್ದು ಒಂದೇ.

"ಅಂದ್ರ, ರಿಯರ್ ವೀಲ್ ತಗೋತೀರೇನ್ರಿ?"

ಹೌದು ಎಂದಳು. ಮಳೆಯಲ್ಲಿ ಹುಷಾರು ಎಂದು ಹೇಳಿ ಅವನು ಚಪ್ಪಲಿ ಮೆಟ್ಟಿ ಹೋದ. ನಿಜ ಹೇಳಬೇಕೆಂದರೆ, ಅಷ್ಟೂ ದಿನಗಳಲ್ಲಿ ಅವನ ಮೇಲೆ ನನಗೆ ಕನಿಕರ ಬಂದದ್ದು ಆ ಗಳಿಗೆಯಲ್ಲಿ ಮಾತ್ರ.

ಶ್ರಾವಣದಲ್ಲಿ ಕಾರು ಬಂತು. ಓಣಿಯ ಮಕ್ಕಳೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಹಣಮಪ್ಪನ ಗುಡಿಯ ಮುಂದೆ ಪೂಜೆ ಮಾಡಿ ಅಣ್ಣ ನಾಲ್ಕು ಗಾಲಿಗೂ ನಿಂಬೆಹಣ್ಣು ಇಡಲು ಹೋದರೆ, ಶಕ್ತಿ ಇರುವುದು ಹಿಂದಿನ ಎರಡಕ್ಕೆ ಮಾತ್ರ, ಮುಂದಿನವಕ್ಕೆ ಹಣ್ಣು ದಂಡ ಎಂದು ನಮ್ಮವರು ಹೊಸ ದಾವೆ ಹೂಡಿದರು. ಇದರ ಬಗ್ಗೆ ಶಹಾಬಾದಿನ ಡಾಕ್ಟರನ್ನು ಫೋನಿನಲ್ಲಿ ಕೇಳೋಣವೇ ಎಂದೂ ಅಂದರು. ಅವರಿಬ್ಬರ ಗೆಳೆತನ ಮುರಿದಿರಲಿಲ್ಲ, ಸಂಬಂಧ ಮುರಿದದ್ದು ಹುಡುಗಿಯ ಜೊತೆ ಮಾತ್ರ.

ಅವರು ನಿಂಬೆಹಣ್ಣು ಹಿಡಿದುಕೊಂಡು ನಿಂತಿರುವಾಗಲೇ ಅವ್ವ ಮಡಿಸೀರೆಯಲ್ಲಿ ಬಂದು, ಬಾಗಿ, ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಜೀಪಾಗಲಿ ಟಂಟಂ ಆಟೋ ಆಗಲಿ, ಅವ್ವ ಯಾವತ್ತೂ ಹಿಂದೆ ಗಂಟುಮೂಟೆಯ ಜೊತೆ ಕೂತವಳು. ಹಿಂದಿನ ಸೀಟು ನನ್ನ ಪಾಲಿಗೆ ಬಂತು. ಅದನ್ನು ಸೀಟು ಎಂದು ಕರೆದವನ ಮೊಣಕಾಲು ಎಷ್ಟು ಉದ್ದವಿತ್ತೋ, ನನ್ನವು ಗದ್ದಕ್ಕೆ ತಾಗಿದ್ದವು.

ಅಣ್ಣ ಕಿಟಕಿಗೆ ಬಂದು, ಮೊದಲು ಮಳಖೇಡಕ್ಕೆ ಹೋಗಿ ಟೀಕಾಚಾರ್ಯರ ಬೃಂದಾವನದ ದರ್ಶನ ಮಾಡಿಸಿಕೊಂಡು ಬಾ ಎಂದ. ಪ್ರಮಿತಾ ಹೂಂ ಎಂದಳು. ನಿಂಬೆಹಣ್ಣುಗಳು ಯಾವ ಗಾಲಿಗೆ ಸಿಕ್ಕವೋ, ಯಾರ ಕೈಯಲ್ಲಿ ಉಳಿದವೋ, ಕಾರು ಓಣಿ ದಾಟಿತು. ದೊಡ್ಡ ರಸ್ತೆಗೆ ಬಂದು ನಿಲ್ಲಿಸಿದಳು. ಬಲಕ್ಕೆ ಹೋದರೆ ಮಳಖೇಡ, ಎಡಕ್ಕೆ ಹೋದರೆ ಚಿಂಚೋಳಿ, ಅದರ ಆಚೆ ಚಂದ್ರಂಪಳ್ಳಿಯ ಕಾಡು, ನೀರು. ಹಿಂದೆ ಒಂದು ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು.

"ಅಜ್ಜಿ, ಯಾಕಡೆ ಹೋಗೋಣು?"

ಅವ್ವ ನನ್ನನ್ನೇ ಕೇಳುತ್ತೀಯೇನು ಎನ್ನುವ ಹಾಗೆ ಮೊಮ್ಮಗಳನ್ನು ನೋಡಿದಳು. ಆಮೇಲೆ ಬಲಕ್ಕೊಮ್ಮೆ ನೋಡಿದಳು, ಎಡಕ್ಕೊಮ್ಮೆ ನೋಡಿದಳು. ಟ್ಯಾಂಕರಿನವನು ಮತ್ತೆ ಹಾರ್ನ್ ಹೊಡೆದ.

"ಎಡಕ್ಕ ತಿರುಗಿಸವಾ," ಎಂದಳು. "ನನ್ನ ಹೂವಿನ ಎಡ ಒಂದು ಉಳದುಬಿಟ್ಟದ."